ಅಕ್ಕೋರ ಕಾಲಿಗೆ ಊರಿನ ಬೆವರು

ಒಬ್ಬರು ದುಡಿದು ಇನ್ನೊಬ್ಬರು ಉಣ್ಣುವುದು ಈ ಲೋಕಕ್ಕೆ ಹೊಸದೇನಲ್ಲ. ಆದರೆ ಒಬ್ಬರು ಓಡಿದರೆ ಇನ್ನೊಬ್ಬರ ಹೊಟ್ಟೆ ಕರಗುವುದು ಮಾತ್ರ ಹೊಸದು. ಅದನ್ನು ಸಾಧಿಸಿದ್ದು ಶ್ರಮಪಟ್ಟಿ ಎಂಬ ಅಂಗೈ ಅಗಲದ ಒಂದು ಪಟ್ಟಿ.

ನಮ್ಮ ಸ್ನಾಯುಗಳು ಮೂಕ ಎತ್ತಿನ ಹಾಗೆ ಸುಮ್ಮನೆ ದುಡಿಯುವುದಿಲ್ಲ. ದುಡಿದಾಗಲೆಲ್ಲ ರಕ್ತದೊಳಗೆ ನೂರಾರು ಬಗೆಯ ರಸಗಳನ್ನು ಬಿಟ್ಟು, 'ನಾನು ದುಡಿದಿದ್ದೇನೆ, ನನ್ನನ್ನು ಗಟ್ಟಿ ಮಾಡಿ' ಎಂದು ಮೈಗೆಲ್ಲ ಸುದ್ದಿ ಮುಟ್ಟಿಸುತ್ತವೆ. ಆ ಸುದ್ದಿ ತಲುಪಿದರೆ ತೊಡೆ ತುಂಬುತ್ತದೆ, ದಮ್ಮು ಬೆಳೆಯುತ್ತದೆ. ಶ್ರಮಪಟ್ಟಿಯ ಒಳಮೈಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು. ತೊಡೆಗೆ ಕಟ್ಟಿಕೊಂಡು ವ್ಯಾಯಾಮ ಮಾಡಿದರೆ ಆ ರಸವನ್ನು ಮೈಗೆ ಹರಡುವ ಮೊದಲೇ ಸೋಸಿ, ಹೆಬ್ಬೆರಳಿನಷ್ಟು ಉದ್ದದ ಕುಪ್ಪಿಯಲ್ಲಿ ತುಂಬಿಕೊಳ್ಳುತ್ತದೆ. ಆ ಕುಪ್ಪಿಯನ್ನು ಇನ್ನೊಬ್ಬರ ಪಟ್ಟಿಗೆ ಸಿಕ್ಕಿಸಿದರೆ ವ್ಯಾಯಾಮದ ಫಲ ಅವರಿಗೆ. ಕೊಟ್ಟವರಿಗೆ ಉಳಿಯುವುದು ದಣಿವು ಮಾತ್ರ.

ಗಾಯಗೊಂಡು ಮಲಗಿದ ಕ್ರೀಡಾಪಟುಗಳ ತರಬೇತಿ ತಪ್ಪದಿರಲಿ ಎಂದು ಇದನ್ನು ಮಾರುಕಟ್ಟೆಗೆ ಬಿಟ್ಟಿದ್ದರು. ಆದರೆ ಕ್ಯೂ ನಿಂತು ಕೊಂಡವರು ಜನ್ಮದಲ್ಲಿ ಬಸ್ಸಿನ ಹಿಂದೆಯೂ ಓಡದ ಮಹನೀಯರು. ಅವರು ಸೋಫಾದ ಮೇಲೆ ಕಾಲು ಚಾಚಿ ಕೂತರು. ಬಡವರ ಮಕ್ಕಳು ಅವರಿಗಾಗಿ ಉದ್ಯಾನಗಳಲ್ಲಿ ದಿನವಿಡೀ ಓಡಿ ಓಡಿ ಕಡ್ಡಿಯಾದರು. ಸರ್ಕಾರ ತನ್ನ ವಾಡಿಕೆಯಂತೆ ತಡವಾಗಿಯಾದರೂ ಎಚ್ಚೆತ್ತು ಕಾಯ್ದೆ ಮಾಡಿತು. ಪಟ್ಟಿ ಇನ್ನು ರೋಗಿಗಳಿಗೆ ಮಾತ್ರ, ಅದೂ ಪ್ರಯೋಗಾಲಯದ ಕಣ್ಗಾವಲಿನಲ್ಲಿ. ದುಡ್ಡಿನ ಮಾತು ಇಲ್ಲ. ಒಬ್ಬ ರೋಗಿಗೆ ಒಬ್ಬರೇ ಕೊಡುವವರು, ಅವರ ಹೆಸರು ರೋಗಿಗೆ ತಿಳಿಯಕೂಡದು.

ಈ ಕಾಯ್ದೆ ಬಂದ ಮರುವರ್ಷ ವಿಜಯಪುರದ ಸ್ನಾಯು ಪ್ರಯೋಗಾಲಯದಲ್ಲಿ ಅರಳಿಹಾಳದ ಬೌರಮ್ಮ ಎಂಬ ಹುಡುಗಿ ತೊಡೆಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದಳು.

"ಇನ್ನೊಮ್ಮೆ ಹೇಳ್ತೀನಿ ಕೇಳವಾ," ಎಂದರು ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ನಸ್ರೀನ್ ಇನಾಮದಾರ. "ಇದನ್ನ ಕಟ್ಕೊಂಡು ನೀ ಎಷ್ಟು ಸೈಕಲ್ ಹೊಡದ್ರೂ ನಿನ್ನ ಕಾಲಿಗೆ ಹೊಡದಂಗಲ್ಲ. ದಸರಾ ಮುಗಿದ ಮ್ಯಾಲ ನಿಂದು ರಾಜ್ಯ ತಂಡದ ಆಯ್ಕೆ ಐತಿ ಅಂತೀ. ವಿಚಾರ ಮಾಡೀಯೇನು?"

"ಮಾಡೀನ್ರಿ."

"ಏನಂತ?"

"ಅಕ್ಕೋರು ಎದ್ದು ನಿಲ್ಲಲಿಲ್ಲ ಅಂದ್ರ ಆ ಆಯ್ಕಿ ತಗೊಂಡು ಏನ್ ಮಾಡ್ಲ್ರಿ," ಎಂದಳು ಬೌರಮ್ಮ.

ಅಕ್ಕೋರು ಎಂದರೆ ಅರಳಿಹಾಳದ ಹೈಸ್ಕೂಲಿನಲ್ಲಿ ಆಟ ಕಲಿಸುವ ಸಾವಂತ್ರಿ ಅಕ್ಕೋರು. ಒಂದು ಕಾಲಕ್ಕೆ ರಾಜ್ಯಕ್ಕೇ ಹೆಸರಾದ ಸೈಕಲ್ ಓಟಗಾರ್ತಿ. ಸೋದರಮಾವನ ಸೈಕಲ್ಲಿನ ನಡುಪೈಪಿನ ಕೆಳಗೆ ಕಾಲು ತೂರಿಸಿ, ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ಬೌರಮ್ಮನನ್ನು ದಾರಿಯಲ್ಲಿ ತಡೆದು ನಿಲ್ಲಿಸಿ, "ಯಾರ ಮಗಳ ನೀ? ನಾಳೆ ಸಾಲಿಗೆ ಬಂದು ನನ್ನ ಕಾಣು," ಎಂದವರು ಅವರೇ. ಅವರ ಕೈಯಲ್ಲಿ ಬೌರಮ್ಮ ಹೈಸ್ಕೂಲು ಮುಗಿಸಿದಳು, ಕಾಲೇಜು ಸೇರಿದಳು, ಜಿಲ್ಲೆಗೇ ಮೊದಲಿಗಳಾದಳು. ಅಂಥ ಅಕ್ಕೋರಿಗೆ ಆ ಮಾಘಮಾಸದಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್ ಓಲಾಡಿ ಬಡಿಯಿತು. ಮುರಿದ ಸೊಂಟದ ಎಲುಬು ಕೂಡಿತು. ಬಲಗಾಲಿಗೆ ಇಳಿಯುವ ದೊಡ್ಡ ನರ ಮಾತ್ರ ಹರಿದಿತ್ತು. ಅದನ್ನು ಹೊಲಿದು, ಇನ್ನು ಕಾಯಿರಿ ಎಂದರು.

ನರ ಬೆಳೆಯುತ್ತದೆ, ಆದರೆ ದಿನಕ್ಕೆ ಒಂದು ಸಾಸಿವೆ ಕಾಳಿನಷ್ಟು. ಸೊಂಟದಿಂದ ಹೊರಟು ಅದು ಕೆಳಗಿಳಿದು ತಲುಪುವಷ್ಟರಲ್ಲಿ, ದುಡಿಮೆಯಿಲ್ಲದೆ ಬಿದ್ದ ಸ್ನಾಯು ನಾರಾಗಿಬಿಟ್ಟರೆ, ನರ ಬಂದೂ ಉಪಯೋಗವಿಲ್ಲ. ನಡೆಸುವವನು ಬಂದಾಗ ಎತ್ತೇ ಇಲ್ಲದ ಹಾಗೆ. ಅಲ್ಲಿಯವರೆಗೆ ಆ ಕಾಲನ್ನು ಬೇರೆಯವರ ದುಡಿಮೆಯಿಂದ ಜೀವಂತ ಇಡಬೇಕು. ಹೊಲಿದ ಮೇಲೆ ಆ ಕಾಲಿನ ಸ್ನಾಯುಗಳಿಗೆ ಇದ್ದ ಆಸರೆ ಶ್ರಮಪಟ್ಟಿಯೊಂದೇ.

ಹೀಗೆ ಬೌರಮ್ಮ ಕೊಡುವವಳಾದಳು. ಈ ಗುಟ್ಟು ಗೊತ್ತಿದ್ದದ್ದು ನಸ್ರೀನ್ ಅವರಿಗೆ ಬಿಟ್ಟರೆ ಅಕ್ಕೋರ ಗಂಡ ಮಲ್ಲಣ್ಣನಿಗೆ. ಮಲ್ಲಣ್ಣನದು ಹಿಟ್ಟಿನ ಗಿರಣಿ. ಆತ ದಿನಾ ಹಿಟ್ಟುಗೈ ತೊಳೆದುಕೊಂಡು ಬಂದು, ಹೆಂಡತಿಯ ಪಟ್ಟಿಗೆ ಕುಪ್ಪಿ ಸಿಕ್ಕಿಸಿ, "ಯಾರೋ ಪುಣ್ಯಾತ್ಮರು," ಎಂದು ಮುಖ ಬೇರೆ ಕಡೆ ತಿರುಗಿಸುತ್ತಿದ್ದ. ಸುಳ್ಳು ಹೇಳಲು ಬಾರದ ಮನುಷ್ಯ.

ಅಕ್ಕೋರ ಮಂಚ ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ. ಬಾಗಿಲಾಚೆ ಡಾಂಬರು ರಸ್ತೆ. ಮಲಗಿದಲ್ಲಿಂದಲೇ ಅವರ ಶಾಲೆ ನಡೆಯುತ್ತಿತ್ತು. ಹುಡುಗಿಯರು ರಸ್ತೆಯಲ್ಲಿ ಹಾದುಹೋಗುವಾಗ ಕೈಯಲ್ಲಿ ಗಡಿಯಾರ ಹಿಡಿದು, ಮನೆ ಹಂಚು ಹಾರುವಂತೆ ಕೂಗುತ್ತಿದ್ದರು. ಬರಬರುತ್ತ ಆ ಕೂಗೆಲ್ಲ ಬೌರಮ್ಮನ ಮೇಲೆಯೇ ಬೀಳತೊಡಗಿತು.

"ಏನವಾ ಬೌರಿ, ಗಾಲಿಗೆ ಯಾರರೆ ಹಗ್ಗ ಕಟ್ಟ್ಯಾರೇನು? ನಿನ್ನ ಹಿಂದಿನ ಹುಡುಗ್ಯಾರೆಲ್ಲ ಮುಂದ ಹೋದ್ರು."

"ನಾಳೆ ಸರಿ ಹೊಡೀತೀನ್ರಿ, ಅಕ್ಕೋರ."

"ನಾಳೆ ನಾಳೆ ಅಂತ ಉಗಾದಿ ಹೋತು. ಹೊಸಾ ಮೊಬೈಲ್ ತಗೊಂಡೀಯಂತ. ಅದರಾಗ ಮುಖ ಇಟ್ಕೊಂಡು ಕುಂತ್ರ ಕಾಲಿಗೆ ಬಲ ಎಲ್ಲಿಂದ ಬರಬೇಕು? ನಾ ಹಾಸಿಗಿ ಹಿಡದೀನಂತ ಸಡ್ಲ ಬಿಟ್ಟಿಯೇನು?"

ಬೌರಮ್ಮ ತಲೆ ತಗ್ಗಿಸಿ ಸೈಕಲ್ ತಳ್ಳಿಕೊಂಡು ಹೊರಟಳು. ಗಿರಣಿಯ ಮರೆಗೆ ಬಂದ ಮೇಲೆ ಅತ್ತಳು. ಬೈದದ್ದಕ್ಕಲ್ಲ, ಅಕ್ಕೋರ ಬೈಗುಳ ಅವಳಿಗೆ ಊಟದಷ್ಟೇ ರೂಢಿ. ಅವರು ತನ್ನನ್ನು ಸೋಮಾರಿ ಎಂದುಕೊಂಡರಲ್ಲ ಎಂಬುದು ಅವಳಿಗೆ ತಡೆಯಲಾಗಲಿಲ್ಲ. ಮಲ್ಲಣ್ಣ ಹೊರಬಂದು ನೋಡಿ, ಒಂದು ತುಂಡು ಬೆಲ್ಲ ಕೊಟ್ಟು ಒಳಗೆ ಹೋದ.

ಮುಂದಿನ ವಾರ ಪ್ರಯೋಗಾಲಯದಲ್ಲಿ ಇನ್ನೊಂದು ಪೆಟ್ಟು ಕಾದಿತ್ತು. ಪಟ್ಟಿಯನ್ನು ವಾರಕ್ಕೊಮ್ಮೆ ತಂದು ಒಪ್ಪಿಸಬೇಕು. ನಸ್ರೀನ್ ಅದರೊಳಗಿನ ದಾಖಲೆ ಓದಿ, ತೊಳೆದು ಕೊಡುತ್ತಿದ್ದರು. ಅಂದು ಅವರು ಪರದೆಯ ಮೇಲೆ ಅಕ್ಕೋರ ಕಾಲಿನ ಚಿತ್ರ ತೋರಿಸಿದರು. ಮೊದಮೊದಲು ಏರಿದ್ದ ಗೆರೆ ಈಗ ನೆಲ ಹಿಡಿದು ಮಲಗಿತ್ತು.

"ನಿಂತ ಬಿಟ್ಟೈತಿ ಬೌರಮ್ಮ. ಮೊದಲ ಎರಡು ತಿಂಗಳು ಎಷ್ಟು ಚಂದ ತುಂಬಾಕತ್ತಿತ್ತು. ಈಗ ರಸ ಹೋಗಾಕತ್ತೈತಿ, ಸ್ನಾಯು ಹೂಂ ಅನ್ನಾಕ ವಲ್ಲದು."

"ನನ್ನ ರಸ ಕಡಿಮಿ ಬೀಳಾಕತ್ತೈತೇನ್ರಿ?"

"ಹಂಗೂ ಇರಬಹುದು. ನನಗ ಖಾತ್ರಿಯಿಲ್ಲ," ಎಂದರು ನಸ್ರೀನ್. ತಿಳಿಯದ್ದನ್ನು ತಿಳಿದಂತೆ ಹೇಳುವ ಜಾಯಮಾನ ಅವರದಲ್ಲ. "ಹಿಂಗ ನಡದ್ರ ನರ ಬರೂದ್ರೊಳಗ ಕೈ ಬಿಟ್ಟು ಹೋಗತೈತಿ."

ಬೌರಮ್ಮ ಅದುವರೆಗೆ ಸಂಜೆಯ ಸವಾರಿಯನ್ನು ಅಕ್ಕೋರಿಗೆ ಕೊಟ್ಟು, ಬೆಳಗಿನದನ್ನು ತನಗೆ ಇಟ್ಟುಕೊಂಡಿದ್ದಳು. ಮರುದಿನದಿಂದ ಬೆಳಿಗ್ಗೆಯೂ ಪಟ್ಟಿ ಕಟ್ಟಿದಳು. ನಸ್ರೀನ್ ಹೇಳಿದ್ದಲ್ಲ, ಅವಳೇ ಮಾಡಿದ್ದು. ಎರಡು ಹೊತ್ತು ಎದೆ ಒಡೆಯುವಂತೆ ತುಳಿದು, ಎರಡು ಹೊತ್ತೂ ಬರಿದಾಗಿ ಮನೆಗೆ ಬಂದಳು. ಅವ್ವ ಕಾಶವ್ವ ರೊಟ್ಟಿಗೆ ಬೆಣ್ಣೆ ಹಚ್ಚಿ ಹಚ್ಚಿ ಬಡಿಸಿದರೂ ಮಗಳು ಇಳಿಯುತ್ತಲೇ ಹೋದಳು.

ಕಾರಹುಣ್ಣಿಮೆ ಮುಗಿದ ವಾರ ಅಕ್ಕೋರು ಅವಳನ್ನು ಒಳಗೆ ಕರೆದರು. ಕೂಗಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

"ಹತ್ತರ ಬಾ."

ಬಂದಳು. ಅಕ್ಕೋರು ದನದ ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಅವಳ ತೊಡೆಯನ್ನು ಎರಡೂ ಕೈಯಿಂದ ಹಿಡಿದು ಒತ್ತಿದರು. ಆಮೇಲೆ ಹೊದಿಕೆ ಸರಿಸಿ ತಮ್ಮ ಬಲತೊಡೆಯನ್ನು ಹಾಗೆಯೇ ಒತ್ತಿದರು. ಇಷ್ಟು ದಿನ ಆಡದ ಕಾಲು, ಕೋಲಿನಷ್ಟು ಆಗಬೇಕಿತ್ತು, ಆಗಿರಲಿಲ್ಲ.

"ನಿನ್ನ ತೊಡಿ ಎಲ್ಲಿ ಹೋತು ಅಂತ ಹುಡುಕಾಕತ್ತಿದ್ದೆ," ಎಂದರು. "ನನ್ನ ಹಾಸಿಗ್ಯಾಗ ಐತಿ."

ಮಲ್ಲಣ್ಣ ಬಾಗಿಲಲ್ಲಿ ನಿಂತಿದ್ದವನು ಮೆಲ್ಲಗೆ ಜಾರಲು ನೋಡಿದ.

"ಎಲ್ಲಿ ಹೊಂಟ್ರಿ? ಪುಣ್ಯಾತ್ಮರು, ಪುಣ್ಯಾತ್ಮರು ಅಂತಿದ್ರಿ. ಕೂಸಿನ ಕಾಲು ಕಡದು ನನಗ ಉಣಿಸಾಕ ನಿಮಗ ಮನಸ್ಸು ಹ್ಯಾಂಗ ಬಂತು?"

"ಆಕೀನ ಬಂದು ಕೇಳಿದ್ಲು, ಸಾವಂತ್ರಿ. ನನಗ ನೀ ಎದ್ದು ಅಡ್ಡಾಡೂದು ಬೇಕಾಗಿತ್ತು," ಎಂದ ಮಲ್ಲಣ್ಣ.

ಅಕ್ಕೋರು ಪಟ್ಟಿಯನ್ನು ಬಿಚ್ಚಿ ಮಂಚದ ಕೆಳಗೆ ಎಸೆದರು. "ಮುಗೀತು. ನನಗ ಒಂದು ಕಾಲಿದ್ರೂ ಸಾಕು. ಒಂದು ಹುಡುಗೀನ ತಯಾರು ಮಾಡಾಕ ಹತ್ತು ವರ್ಷ ಬೇಕು, ತಿನ್ನಾಕ ಮೂರು ತಿಂಗಳು ಸಾಕಾತು. ಹೋಗು ಬೌರಿ. ನಿನ್ನ ಬೈದದ್ದೆಲ್ಲ ನನ್ನ ಎದಿಯಾಗ ಚುಚ್ಚಾಕತ್ತೈತಿ, ಇಲ್ಲಿ ನಿಲ್ಲಬ್ಯಾಡ."

ಬೌರಮ್ಮ ಮನೆಗೆ ಹೋಗಲಿಲ್ಲ. ನೆಟ್ಟಗೆ ಗರಡಿಮನೆಗೆ ಹೋದಳು. ಅಲ್ಲಿ ಯಮನಪ್ಪ ಪೈಲವಾನ ಕೆಮ್ಮಣ್ಣು ಹದ ಮಾಡಿಸುತ್ತಿದ್ದ. ವಯಸ್ಸು ಅರವತ್ತು ದಾಟಿದರೂ ಕುತ್ತಿಗೆ ಮಾತ್ರ ಹೋರಿಯದು. ಸಾವಂತ್ರಿ ಸಣ್ಣವಳಿದ್ದಾಗ, ಹೆಣ್ಣುಮಕ್ಕಳಿಗೆ ಗರಡಿ ಯಾಕೆ ಎಂದು ಊರೆಲ್ಲ ನಕ್ಕಾಗ, ಬಾಗಿಲು ತೆರೆದು ಬೈಠಕ್, ಅಂದರೆ ಬಸ್ಕಿ, ಹೊಡೆಯಲು ಕಲಿಸಿದವನು ಆತ. ಅಕ್ಕೋರು ಯಾರ ಮಾತಿಗಾದರೂ ಬಗ್ಗುವುದಿದ್ದರೆ ಅದು ಆತನ ಮಾತಿಗೆ. ಬೌರಮ್ಮ ಎಲ್ಲವನ್ನೂ ಹೇಳಿ ಮುಗಿಸಿದಳು. ಪೈಲವಾನ ಕೈಯ ಮಣ್ಣು ಕೊಡವಿ, "ನಡಿ," ಎಂದ. ಆತ ನಡೆದರೆ ಗರಡಿಯ ಹುಡುಗರೂ ನಡೆದರು. ದಾರಿಯಲ್ಲಿ ಗಿರಣಿಯ ಹಮಾಲರು ಏನು ಏನು ಎನ್ನುತ್ತ ಸೇರಿಕೊಂಡರು. ಅಕ್ಕೋರ ಪಡಸಾಲೆ ತುಂಬಿತು.

"ಸಾವಂತ್ರಿ, ಹೋದ ಸುಗ್ಗ್ಯಾಗ ನಿಮ್ಮ ಹೊಲದ ಜ್ವಾಳ ಕೊಯ್ಯಾಕ ನಾವು ಬಂದಾಗ ಬ್ಯಾಡ ಅಂದಿದ್ದೇನು?" ಎಂದ ಪೈಲವಾನ.

"ಅದು ಮುಯ್ಯಿ, ಕಾಕಾ. ನಿಮ್ಮ ಹೊಲಕ್ಕ ನಾವೂ ಬಂದಿದ್ವಿ."

"ಇದೂ ಮುಯ್ಯೀನ."

"ಇದನ್ನ ನಾ ಹ್ಯಾಂಗ ತಿರುಗಿ ಕೊಡ್ಲಿ? ಕಾಲು ಇಲ್ಲದಾಕಿ."

"ಮುಯ್ಯಾಳು ಹೊಲಕ್ಕ ಬಂದಾಗ, ನಮ್ಮ ಹೊಲಕ್ಕ ಎಂದ ಬರ್ತೀ ಅಂತ ಯಾರಾದ್ರೂ ಕೇಳ್ಯಾರೇನು? ಮೊದಲು ಕಾಲು ಬರಲಿ. ತಿರುಗಿ ಕೊಡೂದು ನಿನ್ನ ಪಾಲಿಗೆ ಇದ್ದದ್ದ. ನಾವೇನೂ ಬಿಡವರಲ್ಲ."

ಅಕ್ಕೋರು ಮಂಚದ ಕೆಳಗಿನ ಪಟ್ಟಿಯತ್ತ ಕೈ ಚಾಚಿದರು. ದಾನ ಎಂದಿದ್ದರೆ ಅವರು ಸಾಯುವವರೆಗೆ ಒಪ್ಪುತ್ತಿರಲಿಲ್ಲ. ಮುಯ್ಯಿ ಬೇಡ ಎನ್ನಲು ಮಾತ್ರ ಅವರಿಗೆ ಬಾಯಿ ಬರಲಿಲ್ಲ; ಊರಲ್ಲಿ ಹಾಗೆ ಎಂದವರು ಯಾರೂ ಇರಲಿಲ್ಲ.

ಮಲ್ಲಣ್ಣನಿಗೆ ಕಾಯ್ದೆ ನೆನಪಾಯಿತು. "ಕೊಡವರು ಒಬ್ಬರ ಇರಬೇಕಂತ ಐತಲ್ರಿ."

"ಒಬ್ಬರ ಅಲ್ಲೇನು?" ಎಂದ ಪೈಲವಾನ. "ಮುಯ್ಯಿಗೆ ಮನಿಗೊಂದು ಆಳು ಅಂತೀವಿ. ಇವತ್ತು ಅಣ್ಣ ಬರ್ತಾನ, ನಾಳೆ ತಮ್ಮ ಬರ್ತಾನ, ನಾಡದ್ದು ಅವರವ್ವ ಬರ್ತಾಳ. ಆಳು ಒಂದ. ಹಂಗ ಇದೂ ಊರಿಗೊಂದು ಆಳು."

ಪಡಸಾಲೆಯಲ್ಲಿದ್ದವರಿಗೆಲ್ಲ ಇದು ಸೂರ್ಯ ಹುಟ್ಟಿದಷ್ಟು ನಿಜವಾಗಿ ಕಂಡಿತು. ಕಾಯ್ದೆ ಬರೆದವರಿಗೆ ಹೀಗೂ ಒಂದು ಲೆಕ್ಕ ಇದೆಯೆಂದು ಕನಸೂ ಬಿದ್ದಿರಲಿಕ್ಕಿಲ್ಲ. ಆ ಪಟ್ಟಿಗೆ ಕಾಲಿನಿಂದ ಕಾಲಿಗೆ ವ್ಯತ್ಯಾಸ ತಿಳಿಯುತ್ತದೆ ಎಂಬುದು ಅರಳಿಹಾಳದ ಯಾರಿಗೂ ಹೊಳೆಯಲಿಲ್ಲ. ಬೌರಮ್ಮನಿಗೆ ಒಂದು ಕ್ಷಣ ನಸ್ರೀನ್ ಮುಖ ಕಣ್ಣಮುಂದೆ ಬಂತು. ಕೇಳಿದರೆ ಬೇಡ ಎಂದಾರು ಎಂದು ಅವಳು ಕೇಳದೆಯೇ ಉಳಿದಳು.

ಮರುದಿನದಿಂದ ಬೌರಮ್ಮನ ಪಟ್ಟಿ ಊರು ತಿರುಗಿತು. ಗರಡಿಯ ಹುಡುಗನೊಬ್ಬ ಅದನ್ನು ಕಟ್ಟಿಕೊಂಡು ಕೆಮ್ಮಣ್ಣಿನಲ್ಲಿ ಬೈಠಕ್ ಹೊಡೆದ. ಹೈಸ್ಕೂಲಿನ ಹುಡುಗಿಯೊಬ್ಬಳು ಊರ ಬಾವಿಯಲ್ಲಿ ಈಜಿದಳು. ಹಮಾಲನೊಬ್ಬ ಜೋಳದ ಚೀಲ ಹೊತ್ತು ಲಾರಿ ತುಂಬಿಸಿದ. ಕಾಶವ್ವ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಕೆರೆಯ ಏರಿಯ ಮೇಲೆ ಹುಲ್ಲಿನ ಹೊರೆ ಹೊತ್ತಳು. ಪೈಲವಾನನೂ ಒಂದು ದಿನ ಕಟ್ಟಿಕೊಂಡು, ಹುಡುಗರು ಬೇಡವೆಂದರೂ ಕೇಳದೆ, ಕಲ್ಲಿನ ಗುಂಡು ಎತ್ತಿದ. ಮಲ್ಲಣ್ಣನೂ ತನ್ನ ಪಾಲು ಕೊಡುತ್ತೇನೆಂದು ಕಟ್ಟಿಕೊಂಡು ದಿನವೆಲ್ಲ ಗಿರಣಿಯಲ್ಲಿ ಕೂತ. ಸಂಜೆಗೆ ನೋಡಿದರೆ ಕುಪ್ಪಿಯ ತಳವೂ ಒದ್ದೆಯಾಗಿರಲಿಲ್ಲ. ಊರು ಆ ಕುಪ್ಪಿಯನ್ನು ಹಿಡಿದು ಒಂದು ವಾರ ನಕ್ಕಿತು.

ಬೌರಮ್ಮನ ಪಾಳಿ ಈಗ ವಾರಕ್ಕೊಮ್ಮೆ. ಉಳಿದ ದಿನಗಳ ಸವಾರಿ ಅವಳದೇ. ಅಕ್ಕೋರ ಬೈಗುಳ ಮತ್ತೆ ಜೋರಾಯಿತು, ಅವಳಿಗೆ ಹಾಯೆನಿಸಿತು.

ಆಷಾಢ ಕಳೆದು ಶ್ರಾವಣ ಹಿಡಿದಾಗ ಒಂದು ಸೋಮವಾರ ನಸ್ರೀನ್ ಪಟ್ಟಿಯ ದಾಖಲೆ ಓದುತ್ತ ಕೂತಿದ್ದರು. ಹಿಂದಿನ ವಾರಗಳಲ್ಲಿ ಅವರು ದೆಹಲಿಗೆ ಹೋಗಿದ್ದರಿಂದ ಸಹಾಯಕರು ಪಟ್ಟಿ ತೊಳೆದು ಕೊಟ್ಟು ಕಳುಹಿಸಿದ್ದರು. ಓದುತ್ತ ಓದುತ್ತ ಅವರ ಹುಬ್ಬು ಮೇಲೇರಿತು.

"ಬೌರಮ್ಮ, ಈ ತಿಂಗಳು ಏನೇನು ಮಾಡಿದಿ?"

"ಸೈಕಲ್ ಹೊಡದ್ನಿರಿ."

"ಸೈಕಲ್ ಮ್ಯಾಲ ಕುಂತು ಬಾವಿ ಈಜಿದೇನು? ನಡುವ ಚೀಲಾನೂ ಹೊತ್ತೀ. ಮಂಗಳವಾರ ನಿನಗ ಹದಿನಾಲ್ಕು ವರ್ಷ ಆಗಿತ್ತು. ಶುಕ್ರವಾರ ಅರವತ್ತು ದಾಟೇತಿ. ಮೀಸಿನೂ ಬಂದಾವೋ ಏನೋ."

ಬೌರಮ್ಮ ನೆಲ ನೋಡುತ್ತ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಊರಿಗೊಂದು ಆಳು ಎಂಬ ಮಾತನ್ನೂ ಹೇಳಿದಳು. ನಸ್ರೀನ್ ದಾಖಲೆ ಬದಿಗಿಟ್ಟು ಎದ್ದು ನಿಂತರು.

"ಇದೇನು ಹೊಲದ ಕೆಲಸ ಅಂತ ತಿಳಿದ್ರೇನು? ಇಷ್ಟು ಮಂದಿ ರಸ ಕೂಡಿಸಿ ಒಬ್ಬರಿಗೆ ಕೊಟ್ರ ಏನಾಗತೈತಿ ಅಂತ ಈ ಜಗತ್ತಿನ್ಯಾಗ ಯಾರೂ ನೋಡಿಲ್ಲ. ಅವರ ಜೀವಕ್ಕೇನರ ಆಗಿದ್ರ? ಈಗಿಂದೀಗ ಕರ್ಕೊಂಡ್ ಬಾ."

ಮಧ್ಯಾಹ್ನಕ್ಕೆ ಮಲ್ಲಣ್ಣ ಟಂಟಂ ಗಾಡಿಯಲ್ಲಿ ಹಾಸಿಗೆ ಹಾಸಿ ಅಕ್ಕೋರನ್ನು ಕರೆತಂದ. ನಸ್ರೀನ್ ರಕ್ತ ತೆಗೆದರು, ಹೃದಯ ನೋಡಿದರು, ಮೂತ್ರಪಿಂಡ ನೋಡಿದರು. ಎಲ್ಲ ಸರಿಯಿತ್ತು. ಕಡೆಗೆ ಕಾಲಿನ ಚಿತ್ರ ತೆಗೆದರು. ಪರದೆಯ ಮುಂದೆ ನಿಂತು, ಯಂತ್ರ ಕೆಟ್ಟಿದೆಯೆಂದು ಇನ್ನೊಮ್ಮೆ ತೆಗೆದರು. ಕೆಟ್ಟಿರಲಿಲ್ಲ. ಮಲಗಿದ್ದ ಗೆರೆ ಎದ್ದು, ಗುಡ್ಡ ಹತ್ತುವ ದಾರಿಯಂತೆ ಮೇಲೆ ಮೇಲೆ ಹೋಗಿತ್ತು.

ಅವರು ಕುರ್ಚಿಯಲ್ಲಿ ಕುಸಿದು, ಪಟ್ಟಿಯ ದಾಖಲೆಯನ್ನೂ ಕಾಲಿನ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತ ಕೂತರು. ಬಾಗಿಲ ಹೊರಗೆ ಬೌರಮ್ಮನಿಗೆ ಕಾಲ ನಿಂತಂತಾಗಿತ್ತು. ಕೊನೆಗೆ ನಸ್ರೀನ್ ಎದ್ದು ಬಂದರು. ಕಣ್ಣಲ್ಲಿ ಸಿಟ್ಟು ಇರಲಿಲ್ಲ.

"ಅಕ್ಕೋರ, ನಿಮ್ಮ ಮನ್ಯಾಗ ಅತ್ತಿ ಇದ್ರೇನು?"

"ಇದ್ರ್ರಿ. ಯಾಕ್ರಿ?" ಎಂದರು ಅಕ್ಕೋರು.

"ದಿನಾ ಅದ ಮಾತು ಹೇಳಿದ್ರ ಕೇಳ್ತಿದ್ರೇನು?"

"ಎರಡು ದಿನ ಕೇಳ್ತಿದ್ನಿ. ಆಮ್ಯಾಲ ಕಿವಿ ತಾನ ಮುಚ್ಚಿಕೊಳ್ತಿತ್ತು."

"ನಿಮ್ಮ ಕಾಲೂ ಹಂಗ ಮಾಡೇತಿ. ಬೌರಮ್ಮನ ಒಂದ ಕಾಲಿನ, ಒಂದ ಬಗಿ ಸುದ್ದಿ. ಎರಡು ತಿಂಗಳು ಕೇಳಿ ಕಿವುಡಾತು. ಈಗ ಬೈಠಕ್ ಹೊಡದವರ ಸುದ್ದಿ ಬಂತು, ಈಜಿದವರದು ಬಂತು, ಹೊರಿ ಹೊತ್ತವರದು ಬಂತು. ದಿನಾ ಹೊಸಾ ಮಂದಿ ಬಾಗಿಲ ಬಡದ್ರ ಎದ್ದು ಹೋಗಿ ತೆಗೀಲೇಬೇಕಲ್ಲ? ಆಟಗಾರರಿಗೆ ವ್ಯಾಯಾಮ ಬದಲಿಸಿ ಬದಲಿಸಿ ಮಾಡಿಸ್ರಿ ಅಂತ ನಾವ ಪಾಠ ಮಾಡ್ತೀವಿ. ಪಟ್ಟಿಗೂ ಅದ ಪಾಠ ಅಂತ ನನ್ನ ತಲಿಗೆ ಹೊಳೀಲಿಲ್ಲ. ಒಬ್ಬರ ಕೊಡಬೇಕು ಅನ್ನೂದು ವ್ಯಾಪಾರ ತಡ್ಯಾಕ ಮಾಡಿದ್ದು. ವಿಜ್ಞಾನ ಅದನ್ನ ಎಂದೂ ಹೇಳಿರಲಿಲ್ಲ. ನಾವ ಎರಡನ್ನೂ ಕೂಡಿಸಿಬಿಟ್ಟಿದ್ವಿ."

ಕಾಯ್ದೆಯ ಮಂಡಳಿಗೆ ತಿಳಿಸದೆ ವಿಧಿಯಿರಲಿಲ್ಲ. ಪಟ್ಟಿ ಬಿಚ್ಚಿಸಿ ಅಪ್ಪಣೆಗೆ ಕಾಯುವಷ್ಟು ವೇಳೆ ಆ ಕಾಲಿಗೂ ಇರಲಿಲ್ಲ. ನಸ್ರೀನ್ ಕೊಟ್ಟವರನ್ನೆಲ್ಲ ಕರೆಸಿ ರಕ್ತ ತಪಾಸಣೆ ಮಾಡಿ, ಅವರ ಹೆಸರುಗಳನ್ನೂ ಚಿತ್ರಗಳನ್ನೂ ಅದೇ ದಿನ ಮಂಡಳಿಗೆ ಕಳುಹಿಸಿ, ತಪ್ಪು ಏನಿದ್ದರೂ ತನ್ನದು, ಚಿಕಿತ್ಸೆ ನಿಲ್ಲಿಸುವುದಿಲ್ಲ ಎಂದು ಬರೆದರು. ಮಂಡಳಿಯವರು ಸಿಟ್ಟಿನಿಂದಲೇ ಬಂದರು. ಗರಡಿಯಲ್ಲಿ ಕೂತು ಕಟಕ್ ರೊಟ್ಟಿ, ಶೇಂಗಾ ಹಿಂಡಿ ತಿಂದರು, ಮಲ್ಲಣ್ಣನ ಖಾಲಿ ಕುಪ್ಪಿಯ ಕಥೆ ಕೇಳಿದರು, ಗೆರೆ ನೋಡಿದರು. ಹೋಗುವಾಗ ಒಂದಿಷ್ಟು ಬೈದು ಅಪ್ಪಣೆ ಕೊಟ್ಟು ಹೋದರು.

ಆದರೆ ಕೊಟ್ಟದ್ದಕ್ಕೆ ಬೆಲೆ ಇದ್ದೇ ಇತ್ತು. ಆಯ್ಕೆಯ ಓಟದಲ್ಲಿ ಬೌರಮ್ಮ ಆರನೆಯವಳಾಗಿ ಬಂದಳು. ತೆಗೆದುಕೊಂಡದ್ದು ನಾಲ್ವರನ್ನು. ಅವಳ ಕಾಲಿಗೆ ಬಲ ಬಂದಿತ್ತು, ಬರಬೇಕಾದಷ್ಟು ಬಂದಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಕಾ‌ಶವ್ವ ಕಣ್ಣೊರೆಸಿಕೊಂಡಳು. ಬೌರಮ್ಮನಿಗೂ ದುಃಖವಾಯಿತು, ಸುಳ್ಳು ಯಾಕೆ. ಆದರೆ ಅವಳು ಬಸ್ಸಿನಿಂದ ಇಳಿದವಳೇ ಮನೆಗೆ ಹೋಗದೆ ಅಕ್ಕೋರಲ್ಲಿಗೆ ಹೋಗಿ, ಕಾಲು ಹೇಗಿದೆ ಎಂದು ಕೇಳಿದಳು.

ಕಾರ್ತಿಕದ ಕೊನೆಗೆ ಬರುವ ಛಟ್ಟಿ ಅಮಾವಾಸ್ಯೆ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷೆ. ನರ ತಲುಪಿರಬೇಕಾದ ಕಾಲ. ಕುರ್ಚಿಯ ಮುಂದೆ ಒಂದು ಪೆಡಲ್ ಕೂಡಿಸಿ, ಅದಕ್ಕೆ ತಂತಿ ಎಳೆದಿದ್ದರು. ಎಷ್ಟು ಒತ್ತಿದರೆ ಅಷ್ಟು ಗೆರೆ ಪರದೆಯ ಮೇಲೆ ಏರುತ್ತದೆ. ಹೊರಗೆ ಓಣಿಯಂಥ ಹಾದಿಯಲ್ಲಿ ಅರಳಿಹಾಳದ ಅರ್ಧ ಊರು. ಪೈಲವಾನ ಕೈಯಲ್ಲಿ ಟೋಪಿ ಹಿಡಿದು ನಿಂತಿದ್ದ. ಒಳಗೆ ಬೌರಮ್ಮನಿಗೆ ಮಾತ್ರ ಜಾಗ.

"ಒತ್ತ್ರಿ," ಎಂದರು ನಸ್ರೀನ್.

ಅಕ್ಕೋರು ಕಣ್ಣು ಮುಚ್ಚಿ ಒತ್ತಿದರು. ಗೆರೆ ಅಲುಗಲಿಲ್ಲ. ಹಣೆಯ ಮೇಲೆ ಬೆವರು ಒಡೆಯಿತು. ಇನ್ನೊಮ್ಮೆ ಒತ್ತಿದರು. ಇಲ್ಲ. ನಸ್ರೀನ್ ಸಾಕು ಎನ್ನಲು ಕೈ ಎತ್ತಿದರು.

ಬೌರಮ್ಮನಿಗೆ ಎಲ್ಲಿಂದ ಧೈರ್ಯ ಬಂತೋ, "ಏನ್ರಿ ಅಕ್ಕೋರ, ಗಾಲಿಗೆ ಹಗ್ಗ ಕಟ್ಟ್ಯಾರೇನ್ರಿ?" ಎಂದುಬಿಟ್ಟಳು.

ಅಕ್ಕೋರು ಕಣ್ಣು ಬಿಟ್ಟು ಅವಳನ್ನು ಸುಡುವಂತೆ ನೋಡಿದರು. ನೋಡುತ್ತಲೇ ಒತ್ತಿದರು. ಪರದೆಯ ಮೇಲೆ ಗೆರೆ ಒಂದು ಗುಲಗಂಜಿಯಷ್ಟು ಮೇಲೆ ನೆಗೆದು ಕೆಳಗೆ ಬಿತ್ತು. ಮತ್ತೆ ಒತ್ತಿದರು, ಮತ್ತೆ ನೆಗೆಯಿತು. ಮೂರನೆಯ ಸಲ ಅದು ಮೇಲೆ ಹೋಗಿ ಅಲ್ಲೇ ನಿಂತಿತು.

ನಸ್ರೀನ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಬೌರಮ್ಮ ಅಕ್ಕೋರ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು. ಈ ಸಲ ಮರೆಗೆ ಹೋಗಲಿಲ್ಲ. ಅಕ್ಕೋರು ಅವಳ ಬೆನ್ನು ತಟ್ಟುತ್ತ, "ಸುಮ್ಮನಿರು, ಪೆಡಲ್ ಮ್ಯಾಲಿಂದ ಕಾಲು ಜಾರತೈತಿ," ಎಂದರು. ಹೊರಗೆ ಸುದ್ದಿ ಮುಟ್ಟಿದಾಗ ಅರಳಿಹಾಳದವರ ಗದ್ದಲಕ್ಕೆ ಪಕ್ಕದ ವಿಭಾಗದವರೆಲ್ಲ ಬಾಗಿಲು ತೆರೆದು ನೋಡಿದರು.

ಮುಂದಿನದು ಅಕ್ಕೋರ ಹಟ. ಗೋಡೆ ಹಿಡಿದು ನಿಂತರು, ಊರುಗೋಲಿನಿಂದ ಅಂಗಳ ದಾಟಿದರು, ಪಡಸಾಲೆಯಲ್ಲಿ ಸೈಕಲ್ಲನ್ನು ಕಟ್ಟಿ ನಿಲ್ಲಿಸಿ, ಮಲ್ಲಣ್ಣನ ಕಿವಿ ಕಿವುಡಾಗುವಷ್ಟು ಹೊತ್ತು ತುಳಿದರು. ಊರಿನ ಮುಯ್ಯಾಳುಗಳು ಪಟ್ಟಿಯನ್ನು ಬೇಸಿಗೆಗೆ ಮುಂಚೆಯೇ ನಸ್ರೀನ್ ಅವರಿಗೆ ಒಪ್ಪಿಸಿ ಬಂದರು. ಈಗ ಆ ಕಾಲು ತನ್ನ ದುಡಿಮೆಯನ್ನು ತಾನೇ ಉಣ್ಣುತ್ತಿತ್ತು.

ಮತ್ತೆ ಆಷಾಢ ಬಂತು. ಆ ಬಯಲುನಾಡಿನ ಆಷಾಢದ ಗಾಳಿ ಕಂಡವರಿಗೇ ಗೊತ್ತು. ತಡೆಯಲು ಮರವಿಲ್ಲ, ಗುಡ್ಡವಿಲ್ಲ. ಸೈಕಲ್ ಹೊಡೆಯುವವರ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತದೆ. ಬೌರಮ್ಮ ಈ ವರ್ಷದ ಆಯ್ಕೆಗಾಗಿ ಆ ಗಾಳಿಗೆ ಎದುರಾಗಿ ಒಬ್ಬಳೇ ತುಳಿಯುತ್ತಿದ್ದಳು. ತಲೆ ಬಗ್ಗಿಸಿದ್ದಳು, ಹಲ್ಲು ಕಚ್ಚಿದ್ದಳು, ರಸ್ತೆ ಸರಿಯುತ್ತಲೇ ಇರಲಿಲ್ಲ.

ಹಿಂದಿನಿಂದ ಚೈನಿನ ಸದ್ದು ಕೇಳಿತು. ಪಕ್ಕಕ್ಕೆ ಬಂತು. ಅಕ್ಕೋರು. ಬಲಗಾಲು ಎಡಗಾಲಿಗಿಂತ ಇನ್ನೂ ಸ್ವಲ್ಪ ಸಣ್ಣದು, ತುಳಿತದಲ್ಲಿ ಒಂದು ಸಣ್ಣ ಕುಂಟು. ಆದರೆ ಬೆನ್ನು ಅದೇ ಹಳೆಯ ಬೆನ್ನು, ಹಲಗೆಯಂತೆ ಅಗಲ.

"ಅಕ್ಕೋರ, ರಸ್ತಾಕ್ಕ ಇಳೀಬ್ಯಾಡ್ರಿ ಅಂದಿದ್ರಲ್ರಿ ಡಾಕ್ಟರು."

"ನಿನ್ನಿ ಮಟಾ ಅಂದಿದ್ರು. ಹಿಂದ ಸರಿ, ನನ್ನ ಗಾಲಿ ಹಿಡಿ."

ಸೈಕಲ್ ಓಟದ ಲೋಕದಲ್ಲಿ ಮುಂದಿದ್ದವರು ಗಾಳಿಯನ್ನು ಎದೆಯಲ್ಲಿ ಒಡೆಯುತ್ತಾರೆ. ಅವರ ಗಾಲಿಗೆ ಗಾಲಿ ತಾಗುವಷ್ಟು ಹತ್ತಿರ ಹಿಂದೆ ಬಂದವರಿಗೆ ಆ ದಾರಿ ಹಗುರ. ಅದಕ್ಕೇ ಓಟಗಾರರು ಸ್ವಲ್ಪ ಹೊತ್ತು ಒಬ್ಬರು, ಸ್ವಲ್ಪ ಹೊತ್ತು ಇನ್ನೊಬ್ಬರು ಮುಂದೆ ಬರುತ್ತಾರೆ. ಬೌರಮ್ಮ ಹಿಂದೆ ಸರಿದಳು. ಒಮ್ಮೆಲೇ ಗಾಳಿ ನಿಂತುಹೋಯಿತು. ಕಿವಿಯ ಭೋರೆಂಬ ಸದ್ದು ಅಡಗಿ, ಅಕ್ಕೋರ ಉಸಿರು ಕೇಳಿಸಿತು. ಕಾಲು ತಾನಾಗಿ ಹಗುರಾಗಿ ತಿರುಗತೊಡಗಿತು. ಮುಂದೆ ಆ ಕಾಲು, ಪೈಲವಾನನ ಕಾಲು, ಅವ್ವನ ಕಾಲು, ಹಮಾಲರ ಕಾಲು, ಬಾವಿ ಈಜಿದ ಹುಡುಗಿಯ ಕಾಲು, ತನ್ನ ಕಾಲು, ಎಲ್ಲ ಒಂದಾಗಿ ಗಾಳಿ ಸೀಳುತ್ತಿತ್ತು. ಬೌರಮ್ಮನ ಎದೆ ಹಿಗ್ಗಿ, ಕೂಗಬೇಕೆನಿಸಿತು.

ಹಳ್ಳದ ಸೇತುವೆ ದಾಟಿತು, ಸೂರ್ಯಕಾಂತಿ ಹೊಲಗಳು ದಾಟಿದವು. ಅಕ್ಕೋರ ಭುಜ ಏದುಸಿರಿಗೆ ಏರಿಳಿಯುತ್ತಿತ್ತು, ಬಲಗಾಲಿನ ಕುಂಟು ಹೆಚ್ಚಾಗಿತ್ತು. ಬೌರಮ್ಮನಿಗೆ ತಡೆಯಲಾಗಲಿಲ್ಲ. ಪಕ್ಕಕ್ಕೆ ಬಂದಳು.

"ಅಕ್ಕೋರ, ಬಾಳ ಆತ್ರಿ. ಇನ್ನ ನಾ ಮುಂದ ಬರ್ತೀನ್ರಿ."

ಅಕ್ಕೋರು ತಿರುಗಿ ನೋಡಲಿಲ್ಲ. ಗಾಳಿಗೆ ಇನ್ನಷ್ಟು ಬಗ್ಗಿ, ಪೆಡಲ್ ಒತ್ತಿದರು.

"ಹಿಂದ ಇರು ಬೌರಿ. ನನ್ನ ಪಾಳಿ ಇನ್ನೂ ಮುಗದಿಲ್ಲ."